ಅತ್ತೆಯ ಮದುವೆಗೆ ಅಳಿಯನ ಮಧು

ಅತ್ತೆಯನ್ನು ಧಾರೆಯೆರೆದು ಕೊಡುವ ಪುಣ್ಯ ಎಷ್ಟು ಮಂದಿ ಅಳಿಯಂದಿರಿಗೆ ಸಿಕ್ಕೀತು? ಟಾಸ್ಮೇನಿಯಾದ ಡೆಲೊರೇನ್ ಊರಿನ ಮರ್ವಿನ್ ಬ್ಲೇಕ್ಲಿಗೆ ಸಿಕ್ಕಿತು. ಒಂದು ಭಾನುವಾರ ಮಧ್ಯಾಹ್ನ, ಹುರಿದ ಕುರಿಮಾಂಸವನ್ನು ತಟ್ಟೆಗೆ ಹಾಕಿಕೊಳ್ಳುತ್ತಲೇ ಅವನ ಅತ್ತೆ ಆಲ್ಮಾ, "ನಾನೂ ಹೊರೇಸೂ ಮದುವೆ ಆಗೋದು ಅಂತ ತೀರ್ಮಾನ ಮಾಡಿದ್ದೀವಿ. ಆ ಪುದೀನ ಗೊಜ್ಜು ಸ್ವಲ್ಪ ಈ ಕಡೆ ಕೊಡು," ಎಂದರು. ಅವರಿಗೆ ಎಂಬತ್ತನಾಲ್ಕು. ವರ ಮಹಾಶಯ, ಜೇನು ಸಾಕುವ ಹೊರೇಸ್, ಎಂಬತ್ತಾರರ ತರುಣ.

ಆಲ್ಮಾರ ಮಗಳು, ಅಂದರೆ ಮರ್ವಿನ್ನನ ಹೆಂಡತಿ ರೋನಾಳ ಕೈಯಲ್ಲಿದ್ದ ಗೊಜ್ಜಿನ ಬಟ್ಟಲು ಅರ್ಧದಾರಿಯಲ್ಲೇ ನಿಂತಿತು. ಮರ್ವಿನ್ನನ ಎದೆಯೊಳಗೆ ಮಾತ್ರ ವಾಲಗ ಶುರುವಾಯಿತು.

ಅವನನ್ನು ತಪ್ಪು ತಿಳಿಯಬೇಡಿ. ಅತ್ತೆಯ ಮೇಲೆ ಅವನಿಗೆ ಗೌರವವಿತ್ತು. ಗೌರವ ಎಷ್ಟು ದೂರದಿಂದ ಕೊಟ್ಟರೆ ಅಷ್ಟು ಶೋಭೆ ಎಂಬುದಷ್ಟೇ ಅವನ ಅಭಿಪ್ರಾಯ. ಗಂಡ ತೀರಿಕೊಂಡ ಮೇಲೆ "ಸ್ವಲ್ಪ ದಿನ ಇದ್ದು ಹೋಗ್ತೀನಿ" ಎಂದು ಬಂದ ಆಲ್ಮಾ ಒಂಬತ್ತು ಚಳಿಗಾಲ ಇದ್ದರು, ಹೋಗಿರಲಿಲ್ಲ. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಕಣ್ಣು ಮಂಜಾಗಿದ್ದರೂ ಕಿವಿ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಮರ್ವಿನ್ ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳವನ್ನು ಕಳ್ಳನಂತೆ ಎತ್ತಿದರೆ ಹಿತ್ತಲಿನಿಂದ "ನನಗೂ ಒಂದು!" ಎಂಬ ಅಶರೀರವಾಣಿ ಕೇಳುತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅಳಿಯನಿಗೆ ಯಾವ ಕಾಲ ಎಂದು ಯಾರೂ ಹೇಳಿಲ್ಲ. ಮದುವೆಯಾದರೆ ಆಲ್ಮಾ ಹೊರೇಸರ ಮನೆಗೆ ಹೋಗುತ್ತಾರೆ. ತನ್ನ ಕಾಲ ಬರುತ್ತದೆ ಎಂದು ಮರ್ವಿನ್ ಲೆಕ್ಕ ಹಾಕಿದ.

"ಮರ್ವಿನ್," ಎಂದರು ಆಲ್ಮಾ, "ಮದುವೆಗೆ ಮಧು ನೀನೇ ಮಾಡ್ಬೇಕು, ಜೇನು ಹುದುಗಿಸಿದ ಮದ್ಯ."

ಅವನ ಫೋರ್ಕು ಬಾಯಿಯ ಹತ್ತಿರವೇ ನಿಂತಿತು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅತ್ತೆ ಅವನನ್ನು ಏನಾದರೂ ಮಾಡು ಎಂದು ಕೇಳಿದ್ದು ಅದೇ ಮೊದಲು. (ಮಾಡಬೇಡ ಎಂದದ್ದು ಬೇರೆ ಖಾತೆ.)

"ಜೇನು ಹೊರೇಸ್ ಕೊಡ್ತಾನೆ. ಪಶ್ಚಿಮದ ಕಾಡಿನ ಲೆದರ್‌ವುಡ್ ಹೂವಿಂದು. ಜೇನುಪೆಟ್ಟಿಗೆಗಳನ್ನ ಅಷ್ಟು ದೂರ ಕಾಡಿಗೆ ಸಾಗಿಸೋದು ಅವನಿಗೆ ಇನ್ನು ಆಗಲ್ಲ. ಇದೇ ಕೊನೇ ಸಲ. ಮತ್ತೆ ಸಿಗಲ್ಲ, ತಿಳೀತಾ?"

"ತಿಳೀತು. ನನಗೆ ಬಿಡಿ, ಆಲ್ಮಾ."

"ಬಿಡೋಕೇ ಭಯ," ಎಂದರು ಆಲ್ಮಾ.

ಮರ್ವಿನ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಆಮೇಲೆ ಹಿತ್ತಲಿನ ಶೆಡ್ಡಿನಲ್ಲಿ ಸೇಬಿನ ಸೈಡರು, ಶುಂಠಿ ಬಿಯರು ಇಳಿಸುವುದೇ ಕಾಯಕ. ಅವನ ಸೈಡರು ಕುಡಿದ ನೆರೆಯವರು ಅವನನ್ನು ಹೊಗಳುತ್ತಿದ್ದರು. ಪುಕ್ಕಟೆ ಸಿಕ್ಕುವುದನ್ನು ತೆಗಳುವ ಸ್ವಭಾವ ಡೆಲೊರೇನಿನವರಿಗಿಲ್ಲ. ಸೇಬಿನ ರಸಕ್ಕೆ ಯೀಸ್ಟು ಹಾಕಿದರೆ ಅದು ತನ್ನ ಪಾಡಿಗೆ ತಾನು ದುಡಿಯುತ್ತಿತ್ತು. ಜೇನಿನದೇನು ಮಹಾ? ಯೀಸ್ಟಿಗೆ ಬೇಕಾದ್ದು ಸಕ್ಕರೆ. ಜೇನೆಂದರೆ ಸಕ್ಕರೆಯ ಸಾಮ್ರಾಟ. ಮುಗಿಯಿತಲ್ಲ!

ರೋನಾ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. "ಜೇನಿಗೂ ಸೇಬಿಗೂ ವ್ಯತ್ಯಾಸ ಇದೆ ಮರ್ವ್. ಹಾಕೋ ಮುಂಚೆ ನನ್ನ ಒಂದು ಮಾತು ಕೇಳು," ಎಂದಳು.

"ನಾನು ನಿನಗೆ ಕಪ್ಪೆ ಕುಯ್ಯೋದು ಹೇಳಿಕೊಟ್ಟಿದ್ದೀನಾ?" ಎಂದ ಮರ್ವಿನ್. "ಅವರವರ ಶಾಸ್ತ್ರ ಅವರವರಿಗೆ."

ರೋನಾ ಅವನನ್ನು ಒಂದು ಕ್ಷಣ ನೋಡಿ, "ಸರಿ," ಎಂದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಗಂಡಸಿಗೆ ಆ "ಸರಿ"ಯ ಅರ್ಥ ತಿಳಿಯಬೇಕಿತ್ತು.

ಹೊರೇಸ್ ಮೂರು ಬಕೆಟ್ ಜೇನು ತಂದಿಳಿಸಿದರು. ಮುಚ್ಚಳ ತೆಗೆದರೆ ಮಳೆ ನಿಂತ ಕಾಡಿನ ಘಮ, ನಡುವೆ ಒಂದಿಷ್ಟು ಖಾರ. "ಎರಡು ಸಾಕು ಮಾರಾಯ, ಇನ್ನೊಂದು ಟೋಸ್ಟಿಗಿಟ್ಟುಕೋ," ಎಂದರು ಅವರು. ಅತ್ತೆಯ ಮದುವೆಗೆ ಕಡಿಮೆ ಮಾಡುವುದೇ? ಮರ್ವಿನ್ ಮೂರನ್ನೂ ದೊಡ್ಡ ಡ್ರಮ್ಮಿಗೆ ಸುರಿದು, ಬೆಚ್ಚಗಿನ ನೀರು ಬೆರೆಸಿ, ಯೀಸ್ಟು ಉದುರಿಸಿ, ಗಾಳಿ ಕೂಡ ಕದ್ದು ಒಳಹೋಗದಂತೆ ಮುಚ್ಚಳ ಬಿಗಿದ. ಒಳಗಿನ ಗ್ಯಾಸು ಹೊರಬರಲು ಮೇಲೊಂದು ನೀರು ತುಂಬಿದ ಕೊಳವೆ.

ಚಳಿಗಾಲ ಹತ್ತಿರ ಬರುತ್ತಿತ್ತು. ಶೆಡ್ಡಿನಲ್ಲಿ ಯೀಸ್ಟೇಕೆ, ಪೆಂಗ್ವಿನ್ನೂ ನಡುಗಬೇಕು. ಮನೆಯಲ್ಲಿ ಸದಾ ಬೆಚ್ಚಗಿರುವ ಜಾಗ ಒಂದೇ: ಬಿಸಿನೀರಿನ ಸಿಲಿಂಡರಿರುವ ಬಟ್ಟೆಯ ಕಪಾಟು. ಹಾಸಿಗೆಯ ಹೊದಿಕೆಗಳು, ಟವೆಲ್ಲುಗಳು ಮತ್ತು ತೇವ ತಾಗದಿರಲೆಂದು ಅಲ್ಲೇ ತೂಗುಹಾಕಿದ್ದ ಆಲ್ಮಾರ ಮದುವೆಯ ತಿಳಿನೀಲಿ ಕೋಟು–ಲಂಗದ ಕೆಳಗೆ ಡ್ರಮ್ಮು ಪ್ರತಿಷ್ಠಾಪನೆಯಾಯಿತು. ಕಪಾಟಿನ ಗೋಡೆಯಾಚೆ ಆಲ್ಮಾರ ಕೋಣೆ.

ಮೊದಲ ಕೆಲವು ದಿನ ಕೊಳವೆಯಿಂದ "ಗುಳುಕ್, ಗುಳುಕ್" ಎಂಬ ಸದ್ದು ಬಂತು. ಆಲ್ಮಾಗೂ ಅದು ಹಿಡಿಸಿತು. "ಪಕ್ಕದಲ್ಲಿ ಯಾರೋ ನಿದ್ದೆಯಲ್ಲಿ ನಗ್ತಿರೋ ಹಾಗಿದೆ," ಎಂದರು. ಮರ್ವಿನ್ ಮೀಸೆಯಿಲ್ಲದಿದ್ದರೂ ಮೀಸೆ ತಿರುವಿದ.

ಆಮೇಲೊಂದು ಬೆಳಿಗ್ಗೆ ಆಲ್ಮಾ ಗಂಜಿಯ ಬಟ್ಟಲಿನಿಂದ ತಲೆಯೆತ್ತಿ, "ಮರ್ವಿನ್, ನಿನ್ನ ಡ್ರಮ್ಮಿನ ಲೈನ್ ಕಟ್ ಆಗಿದೆ," ಎಂದರು.

"ಸ್ವಲ್ಪ ವಿಶ್ರಾಂತಿ ತಗೊಳ್ತಿರಬೇಕು."

"ವಿಶ್ರಾಂತಿ ಅಲ್ಲ ಅದು. ನಿನ್ನೆ ಉಬ್ಬಸ, ಇವತ್ತು ಸದ್ದೇ ಇಲ್ಲ."

ಅದರ ಮಾರನೆಯ ದಿನ ಶುರುವಾಯಿತು ವಾಸನೆ. ಕೊಳೆತ ಮೊಟ್ಟೆಯ ವಾಸನೆ. ಒಂದೆರಡು ಮೊಟ್ಟೆಯದಲ್ಲ, ಒಂದು ಇಡೀ ಕೋಳಿ ಫಾರಮ್ಮೇ ಹತಾಶೆಯಿಂದ ಪ್ರಾಣ ಬಿಟ್ಟಂಥ ವಾಸನೆ. ರೋನಾ ಮೊದಲು ಗಂಡನ ಕಡೆ ನೋಡಿದಳು. ಗಂಡ ನಾಯಿಯ ಕಡೆ ನೋಡಿದ. ಮೇಜರ್ ಎಂಬ ಆ ಮುದಿ ನಾಯಿ ಅವಮಾನ ತಾಳಲಾರದೆ ಎದ್ದು ಹೊರಗೆ ಹೋಯಿತು. ನಾಯಿ ಹೋದರೂ ವಾಸನೆ ಹೋಗಲಿಲ್ಲ. ಮಲಗಲು ಹಾಸಿದ ಹೊದಿಕೆಯಲ್ಲಿ ಮೊಟ್ಟೆ, ಮುಖ ಒರೆಸಿದ ಟವೆಲ್ಲಿನಲ್ಲಿ ಮೊಟ್ಟೆ.

"ಎಲ್ಲಿಂದ ಬರ್ತಿದೆ ಇದು?" ಎಂದು ಕೇಳಿದಳು ರೋನಾ.

ಮರ್ವಿನ್ನನಿಗೆ ಗೊತ್ತಿತ್ತು. ಕಪಾಟಿನ ಬಾಗಿಲು ತೆರೆದಾಗಲೇ ಅವನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಚರಂಡಿ ಪೈಪು. ಎಲ್ಲೋ ಒಡೆದಿರಬೇಕು."

"ಹಾಗಾ? ಪ್ಲಂಬರ್‌ನ ಕರೆಸ್ಲಾ?"

"ಬೇಡ ಬೇಡ! ನಾನೇ ನೋಡ್ತೀನಿ."

"ಅಗೀಬೇಕಾಗುತ್ತಲ್ಲ."

"ಅಗೀತೀನಿ," ಎಂದ ಮರ್ವಿನ್. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಇರಬಹುದು, ಆದರೆ ಅದಕ್ಕೆ ಗುದ್ದಲಿ ಇರುತ್ತದೆ.

ಇಡೀ ಶನಿವಾರ, ಹನಿ ಮಳೆಯಲ್ಲಿ, ಒಂದಿಷ್ಟೂ ದೋಷವಿಲ್ಲದ ಚರಂಡಿಯನ್ನು ಅವನು ಅಗೆದ. ರೋನಾ ಆಗಾಗ ಕೊಡೆ ಹಿಡಿದು ಬಂದು ಟೀ ಕೊಟ್ಟಳು. "ಸಿಕ್ತಾ?" "ಇನ್ನೂ ಇಲ್ಲ." ಬೇಲಿಯಾಚೆಯ ನೆರೆಯವ ಬಂದು, ಯಾರನ್ನು ಹೂಳುತ್ತೀಯ ಎಂದು ಕೇಳಿ ಹೋದ. ಸಂಜೆಯ ಹೊತ್ತಿಗೆ ಪೈಪು ಮನೆಯಿಂದ ಬೇಲಿಯವರೆಗೆ ಉದ್ದಕ್ಕೂ ಮಲಗಿ ಕಾಣಿಸುತ್ತಿತ್ತು, ಹುಟ್ಟಿದ ಮಗುವಿನಷ್ಟು ನಿಷ್ಕಳಂಕವಾಗಿ.

ರೋನಾ ಗುಂಡಿಯ ಅಂಚಿಗೆ ಬಂದು ನಿಂತಳು. "ಚೆನ್ನಾಗಿದ್ಯಾ ಪೈಪು?"

"ಚೆನ್ನಾಗಿದೆ," ಎಂದ ಅವನು, ಸೊಂಟದಷ್ಟು ಆಳದಿಂದ.

"ಹಾಗಾದ್ರೆ ಈಗ ಕಪಾಟಿನ ವಿಷಯ ಮಾತಾಡೋಣ್ವಾ?"

ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು! ಕಪಾಟಿನಲ್ಲಿ ಹುದುಗುತ್ತಿದ್ದುದು ಜೇನು, ಹುದುಗಿದ್ದುದು ಸತ್ಯ. ಎರಡೂ ಒಟ್ಟಿಗೆ ನಾರಿದ್ದವು.

"ಗೊತ್ತಿದ್ದೂ ದಿನವಿಡೀ ಅಗೆಯೋಕೆ ಬಿಟ್ಯಾ?"

"ಅವರವರ ಶಾಸ್ತ್ರ ಅವರವರಿಗೆ ಅಂದ್ಯಲ್ಲ. ಅಗೆಯೋ ಶಾಸ್ತ್ರ ನನಗೆ ಬರಲ್ಲ." ಅವಳು ಬಕೆಟ್ಟನ್ನು ಬೋರಲು ಹಾಕಿ ಕುಳಿತಳು. "ಜೇನಲ್ಲಿ ಏನಿದೆ ಮರ್ವ್?"

"ಸಕ್ಕರೆ."

"ಬೇರೆ?"

ಮರ್ವಿನ್ ಯೋಚಿಸಿದ. "ಸಿಹಿ."

"ಹೂಂ. ಅಷ್ಟೇ. ಸೇಬಿನ ರಸದಲ್ಲಿ ಇನ್ನೂ ಅಷ್ಟಿಷ್ಟು ಇರುತ್ತೆ, ಅದಕ್ಕೇ ಅಲ್ಲಿ ಯೀಸ್ಟು ನಿನ್ನ ಮರ್ಯಾದೆ ಕಾಪಾಡ್ತು. ಇಲ್ಲಿ ಆ ಬಡಪಾಯಿಗಳನ್ನ ಬರೀ ಸಕ್ಕರೆ ಜೊತೆ ಕೂಡಿಹಾಕಿದ್ದೀಯ. ಸಕ್ಕರೆ ಒಳಗೆ ಹೋದ್ರೆ ಸಾಲದು. ಅದನ್ನ ಹಂತಹಂತವಾಗಿ ಒಡೆಯೋಕೆ ಆ ಪುಟ್ಟ ಜೀವಕಣದೊಳಗೆ ಕೆಲಸಗಾರರಿದ್ದಾರೆ. ಅವರ ಕೈಗೆ ಹತಾರ ಬೇಕಲ್ಲ? ಬಿ ವಿಟಮಿನ್‌ಗಳೇ ಆ ಹತಾರ. ಅದರಲ್ಲಿ ಬಿ ಒಂದು ಅನ್ನೋದು ಸಾಲದೆ ಹೋದ್ರೆ ಸಕ್ಕರೆ ಅರ್ಧ ಒಡೆದು ಅಲ್ಲೇ ತಡೆದು ನಿಲ್ಲುತ್ತೆ. ಮದ್ಯವೂ ಇಲ್ಲ, ಅಮ್ಮನ ಗುಳುಕ್ಕೂ ಇಲ್ಲ."

"ಮೊಟ್ಟೆ?"

"ಬಿ ಐದು ಕಮ್ಮಿ ಆದ್ರೆ ಗಂಧಕದ ವ್ಯವಹಾರ ಕೆಡುತ್ತೆ. ಮೈಕಟ್ಟೋಕೆ ಉಪಯೋಗಿಸ್ಬೇಕಾದ ಗಂಧಕನ ಗ್ಯಾಸು ಮಾಡಿ ಹೊರಗೆ ಬಿಡ್ತವೆ. ಸಾರಜನಕದ ಆಹಾರವೂ ಇಲ್ಲ ಅಂದ್ರೆ ಇನ್ನೂ ಜೋರು. ಅದೇ ನಿನ್ನ ಮೊಟ್ಟೆ. ಬಿ ಎರಡು, ಬಿ ಮೂರು ಇಲ್ದೆ ಉಸಿರಾಡೋದೇ ಕಷ್ಟ."

"ಯೀಸ್ಟು ಉಸಿರಾಡುತ್ತಾ!"

"ನೀನು ಆಡೋಕೆ ಬಿಟ್ರೆ ತಾನೇ! ಶುರುವಿನಲ್ಲಿ, ಮರಿ ಹಾಕಿ ಗುಂಪು ಕಟ್ಟೋ ಹೊತ್ತಲ್ಲಿ, ಗಾಳಿ ಬೇಕು. ನೀನು ಮೊದಲ ದಿನವೇ ಮುಚ್ಚಳ ಬಿಗಿದೆ. ಬಸ್ಸಿನ ಟ್ಯಾಂಕ್ ತುಂಬ ಎಣ್ಣೆ ಇದ್ದು ಸ್ಪಾರ್ಕ್ ಪ್ಲಗ್ ಇಲ್ಲದಿದ್ರೆ ಹೇಗೆ, ಹಾಗೆ."

"ಡೀಸೆಲ್ ಬಸ್ಸಿಗೆ ಸ್ಪಾರ್ಕ್ ಪ್ಲಗ್ ಇರಲ್ಲ," ಎಂದ ಮರ್ವಿನ್. ಆ ದಿನ ಅವನಿಗೆ ಸಿಕ್ಕ ಏಕೈಕ ಗೆಲುವು ಅದು.

ಆದರೆ ಗುಂಡಿಯಲ್ಲಿ ನಿಂತು ಹೆಂಡತಿಯನ್ನು ತಲೆಯೆತ್ತಿ ನೋಡುತ್ತಿದ್ದಂತೆ ಅವನಿಗೆ ಇನ್ನೇನೋ ಅನ್ನಿಸಿತು. ಕೊಡೆಯಡಿ, ಕೆಸರಿನ ಬಕೆಟ್ಟಿನ ಮೇಲೆ ಕೂತು, ಕಣ್ಣಿಗೆ ಕಾಣದ ಜೀವದ ಹೊಟ್ಟೆಯೊಳಗಿನ ಅಡುಗೆಮನೆಯನ್ನು ನೆರೆಮನೆಯ ಸುದ್ದಿಯಂತೆ ಹೇಳುತ್ತಿದ್ದಾಳೆ! ಈ ಹೆಂಗಸು ಇಷ್ಟು ವರ್ಷ ತನ್ನ ಜೊತೆಯೇ ಇದ್ದಳೆ? ಹೊಗಳಬೇಕು ಎಂದುಕೊಂಡ. ಬಾಯಿಗೆ ಬಂದದ್ದು, "ಟೀ ಇನ್ನೂ ಇದ್ಯಾ?" ಎಂಬುದಷ್ಟೇ.

"ನಾಡಿದ್ದು ಲಾನ್ಸೆಸ್ಟನ್‌ಗೆ ಹೋಗಿ ಬೇಕಾದ್ದು ತರ್ತೀನಿ. ಅಲ್ಲಿವರೆಗೆ ಡ್ರಮ್ ಮುಟ್ಟಬೇಡ," ಎಂದು ಹೇಳಿ ರೋನಾ ಎದ್ದಳು.

ಮುಟ್ಟಬೇಡ ಎಂದರೆ ಮುಟ್ಟದಿರಲು ಮರ್ವಿನ್ ಏನು ನಾಯಿಯೇ? ಮರುದಿನ ಬೆಳಿಗ್ಗೆ ರೋನಾ ಚರ್ಚಿನ ಹಾಡಿನ ಮೇಳಕ್ಕೆ ಹೋದಳು. ಆಲ್ಮಾ ಕೋಣೆಯಲ್ಲಿ ಹೊರೇಸರೊಂದಿಗೆ ಫೋನಿನಲ್ಲಿದ್ದರು. ಅಡುಗೆಮನೆಯ ಕಿಟಕಿಯ ಅಂಚಿನಲ್ಲಿ ಆಲ್ಮಾರ ವಿಟಮಿನ್ ಮಾತ್ರೆಯ ದೊಡ್ಡ ಸೀಸೆ. ಮೇಲೆ ಬರೆದಿತ್ತು: ಬಿ ಕಾಂಪ್ಲೆಕ್ಸ್. ಬಿ ಒಂದು, ಎರಡು, ಮೂರು, ಐದು... ಎಲ್ಲರೂ ಒಂದೇ ಸೀಸೆಯೊಳಗೆ ಸಂಸಾರ ಹೂಡಿದ್ದಾರೆ! ಲಾನ್ಸೆಸ್ಟನ್‌ಗೆ ಹೋಗುವುದೇಕೆ? ಒಂದು ಮಾತ್ರೆ ಒಬ್ಬ ಮುದುಕಿಯನ್ನು ಎಂಬತ್ತನಾಲ್ಕರಲ್ಲಿ ಮದುವೆಗೆ ಸಜ್ಜು ಮಾಡುವುದಾದರೆ, ಇಡೀ ಸೀಸೆ ಯೀಸ್ಟಿಗೆ ಏನು ಮಾಡಲಾರದು?

ಲಟ್ಟಣಿಗೆಯಿಂದ ಅಷ್ಟನ್ನೂ ಅರೆದ. ಕಿತ್ತಳೆ–ಹಳದಿ ಬಣ್ಣದ ಪುಡಿ, ಒಂದು ದೊಡ್ಡ ಬಟ್ಟಲು. ಕಪಾಟಿನ ಮುಂದೆ ಮೊಣಕಾಲೂರಿ, ಮುಚ್ಚಳ ತೆಗೆದು, "ತಗೊಳ್ರಪ್ಪ, ಹಬ್ಬ ಮಾಡಿ," ಎಂದು ಒಮ್ಮೆಗೇ ಸುರಿದ.

ಇಲ್ಲಿ ಒಂದು ವಿಷಯ ಹೇಳಬೇಕು. ಹುದುಗುವ ಪಾನೀಯದೊಳಗೆ ಗ್ಯಾಸು ಸದ್ದಿಲ್ಲದೆ ಕರಗಿ ಕೂತಿರುತ್ತದೆ, ಸೋಡಾ ಸೀಸೆಯೊಳಗಿನ ಹಾಗೆ. ಅದಕ್ಕೆ ಹಿಡಿ ಪುಡಿ ಬಿದ್ದರೆ, ಒಂದೊಂದು ಕಣವನ್ನೂ ಹಿಡಿದುಕೊಂಡು ಅಷ್ಟೂ ಗ್ಯಾಸು ಒಟ್ಟಿಗೆ ಎದ್ದುಬರುತ್ತದೆ. ಇದು ರೋನಾಗೆ ಗೊತ್ತಿತ್ತು. ಮುಟ್ಟಬೇಡ ಎಂದದ್ದು ಅದಕ್ಕೇ.

ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಡ್ರಮ್ಮಿನ ಆಳದಿಂದ ಸಿಂಹ ಆಕಳಿಸಿದಂತೆ ಒಂದು ಸದ್ದು. ನೊರೆಯ ಹಳದಿ ಕಂಬವೊಂದು ಎದ್ದು ನಿಂತಿತು. ನಿಂತದ್ದು ಮುಂದಕ್ಕೆ ಬಾಗಿ ಮರ್ವಿನ್ನನಿಗೆ ಅಭಿಷೇಕ ಮಾಡಿತು. ಉಳಿದದ್ದು ಟವೆಲ್ಲು, ಹೊದಿಕೆ, ಕಪಾಟಿನ ಸೂರು, ಮದುವೆಯ ತಿಳಿನೀಲಿ ಕೋಟು ಎಲ್ಲಕ್ಕೂ ಭೇದವೆಣಿಸದೆ ಹಂಚಿಹೋಯಿತು. ಅವನು ಗಾಬರಿಯಲ್ಲಿ ಡ್ರಮ್ಮಿನ ಬಾಯಿಗೆ ಹೊಟ್ಟೆ ಕೊಟ್ಟು ಒತ್ತಿ ಹಿಡಿದ. ನೊರೆ ಎರಡೂ ಕಂಕುಳಿನಿಂದ ಹೊರಬಂತು.

ಗೋಡೆಯಾಚೆ ಆಲ್ಮಾ ಫೋನಿನಲ್ಲಿ, "ಹೊರೇಸ್, ಇಡ್ತೀನಿ. ನಮ್ಮಲ್ಲಿ ಏನೋ ಹೆರಿಗೆ ಆದ ಹಾಗಿದೆ," ಎನ್ನುವುದು ಕೇಳಿಸಿತು.

ಬಾಗಿಲಲ್ಲಿ ಬಂದು ನಿಂತರು. ಅಳಿಯನನ್ನು ನೋಡಿದರು. ರಸ್ತೆ ರಿಪೇರಿಯವರು ತೊಡುವ ಜಾಕೀಟಿನಂಥ ಹಳದಿ ಬಣ್ಣ ಅವನ ಕೂದಲಿನಿಂದ ತೊಟ್ಟಿಕ್ಕುತ್ತಿತ್ತು. ತಮ್ಮ ಕೋಟನ್ನು ನೋಡಿದರು. ಮರ್ವಿನ್ ಕಣ್ಣು ಮುಚ್ಚಿಕೊಂಡ.

"ಎಷ್ಟು ಉಳೀತು?" ಎಂದರು ಆಲ್ಮಾ.

"ಏ... ಏನು?"

"ಜೇನು ಕಣೋ! ಹೊರೇಸ್‌ನ ಜೇನು ಎಷ್ಟು ಉಳೀತು? ಕೋಟು ಅಂಗಡೀಲಿ ಸಿಗುತ್ತೆ. ಅದು ಸಿಗುತ್ತಾ?"

ಮುಕ್ಕಾಲು ಪಾಲು ಉಳಿದಿತ್ತು. ಆಲ್ಮಾ ತಮ್ಮ ಕೈಯಾರೆ ನೆಲ ಒರೆಸುವ ಬಟ್ಟೆ ತಂದು, ಸ್ಟೂಲಿನ ಮೇಲೆ ಹತ್ತಿ (ಅವನು ಬೇಡ ಬೇಡ ಎಂದು ಕಾಲು ಹಿಡಿದರೂ ಕೇಳದೆ) ಕಪಾಟಿನ ಸೂರನ್ನು ಒರೆಸಿದರು. "ರೋನಾಗೆ ಹೇಳೋದು ನೀನಾ ನಾನಾ?" "ನಾನೇ ಹೇಳ್ತೀನಿ," ಎಂದ ಮರ್ವಿನ್. "ಹಾಗೇ ಮಾಡು. ಚರಂಡಿ ಇನ್ನೊಂದು ಸಲ ಅಗೆಯೋ ವಯಸ್ಸಲ್ಲ ನಿಂದು."

ರೋನಾ ಬಂದಳು, ಕೇಳಿದಳು, ಬಾಗಿಲ ಚೌಕಟ್ಟು ಹಿಡಿದು ನಕ್ಕಳು. ನಕ್ಕು ಮುಗಿದ ಮೇಲೆ ಬೈದಳು. ಬೈದು ಮುಗಿದ ಮೇಲೆ ತನ್ನ ಕೋಟಿನ ತೋಳು ಮಡಚಿದಳು.

"ಆ ಹಳದಿ ಬಿ ಎರಡರದ್ದು. ಬಣ್ಣಕ್ಕೆ ಪರವಾಗಿಲ್ಲ. ಆದ್ರೆ ಬರೀ ವಿಟಮಿನ್ ಕೊಟ್ಟರೆ ಊಟ ಇಲ್ದೆ ಔಷಧಿ ಕೊಟ್ಟ ಹಾಗೆ. ಇನ್ನು ಲಾನ್ಸೆಸ್ಟನ್‌ವರೆಗೆ ಕಾಯೋ ಹಾಗಿಲ್ಲ. ಬಾ, ಒಲೆ ಹಚ್ಚು."

ಬ್ರೆಡ್ಡಿಗೆಂದು ಇಟ್ಟಿದ್ದ ಯೀಸ್ಟನ್ನು ಅವಳು ನೀರಿನಲ್ಲಿ ಚೆನ್ನಾಗಿ ಕುದಿಸಿದಳು. ಅದಕ್ಕೆ ಟೋಸ್ಟಿಗೆ ಹಚ್ಚುವ ಕಪ್ಪು ಯೀಸ್ಟ್ ಪೇಸ್ಟು ಒಂದು ಚಮಚ.

"ಕುದಿಸಿದ್ರೆ ಸತ್ತುಹೋಗಲ್ವಾ ಅವು?"

"ಸಾಯ್ಲಿ ಅಂತಲೇ. ಬಿ ವಿಟಮಿನ್ನು, ಸಾರಜನಕ ಎಲ್ಲ ಅವುಗಳ ಮೈಯಲ್ಲೇ ತುಂಬಿದೆ. ಬದುಕಿರೋವಕ್ಕೆ ಅದೇ ಊಟ."

"ಸತ್ತ ಯೀಸ್ಟನ್ನ ಜೀವಂತ ಯೀಸ್ಟಿಗೆ ತಿನ್ನಿಸೋದಾ?"

"ಪಿತ್ರಾರ್ಜಿತ ಆಸ್ತಿ ಅಂದ್ಕೋ," ಎಂದಳು ರೋನಾ.

ಆರಿಸಿ, ಒಂದೊಂದೇ ಸೌಟಿನಷ್ಟು, ಮೆಲ್ಲಗೆ ಕದಡುತ್ತ ಹೊಯ್ಯಬೇಕು. ಅವಸರ ಕೂಡದು. ಆಮೇಲೆ ದಿನವೂ ಬೆಳಿಗ್ಗೆ ನಿಧಾನವಾಗಿ ಕಲಕಿ ಒಳಗಿನ ಗ್ಯಾಸು ಬಿಡಿಸಬೇಕು. ಆ ಕೆಲಸ ಮರ್ವಿನ್ನನದಾಯಿತು. ರೋನಾ ತನ್ನ ಹಳೆಯ ಸೂಕ್ಷ್ಮದರ್ಶಕವನ್ನು ಅಟ್ಟದಿಂದ ಇಳಿಸಿ ಒಂದು ಹನಿಯನ್ನು ಗಾಜಿನ ಮೇಲಿಟ್ಟಳು. ಮರ್ವಿನ್ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ನೋಡಿದ. ಮೊದಲ ದಿನ ಕಂಡದ್ದು ಸೊರಗಿದ, ಸುಮ್ಮನೆ ಬಿದ್ದ ಗುಂಡು ಗುಂಡು ಚುಕ್ಕಿಗಳು. ಮೂರ್ನಾಲ್ಕು ದಿನ ಕಳೆದು ನೋಡಿದರೆ ಒಂದೊಂದರ ಪಕ್ಕೆಯಲ್ಲೂ ಪುಟ್ಟ ಮೊಗ್ಗು! ತಾಯಿಗೆ ಅಂಟಿಕೊಂಡೇ ದೊಡ್ಡದಾಗುತ್ತಿರುವ ಮರಿ.

"ರೋನಾ! ಬಸುರಿಯರು! ಎಲ್ಲ ಬಸುರಿಯರು!" ಎಂದು ಅವನು ಕೂಗಿದ ಅಬ್ಬರಕ್ಕೆ ಮೇಜರ್ ಬೊಗಳಿತು.

ಗುಳುಕ್ ಮರಳಿ ಬಂತು. ಮೊಟ್ಟೆಯ ವಾಸನೆ ದಿನದಿನಕ್ಕೆ ಕರಗಿ, ಅದರಡಿಯಿಂದ ಕಾಡಿನ ಹೂವಿನ ಘಮ ತಲೆಯೆತ್ತಿತು. ಈಗ ಮರ್ವಿನ್ ಬೆಳಿಗ್ಗೆ ಎದ್ದವನೇ ತನ್ನ ಟೀಗಿಂತ ಮುಂಚೆ ಕಪಾಟಿನ ಮುಂದೆ ಕೂರುತ್ತಿದ್ದ. "ಏನ್ರಪ್ಪ, ಹೊಟ್ಟೆ ತುಂಬಿತಾ? ಚಳಿ ಆಗ್ತಿಲ್ಲ ತಾನೇ? ನಿಮಗೆ ದಾರಿ ತೋರಿಸಿದೋಳು ಅಡುಗೆಮನೇಲಿದ್ದಾಳಲ್ಲ, ಅವಳಂಥ ಬುದ್ಧಿವಂತೆ ಈ ದ್ವೀಪದಲ್ಲೇ ಇಲ್ಲ. ನಾನು ಹೇಳಿದೆ ಅಂತ ಹೇಳ್ಬೇಡಿ. ತಲೆಗೇರುತ್ತೆ."

ಒಂದು ದಿನ ತಿಂಡಿಯ ಹೊತ್ತಿನಲ್ಲಿ ಆಲ್ಮಾ ಮಗಳಿಗೆ ಹೇಳಿದರು: "ನಿನ್ನ ಗಂಡ ದಿನಾ ಬೆಳಿಗ್ಗೆ ಆ ಡ್ರಮ್ಮಿನ ಹತ್ರ ನಿನ್ನ ಹೊಗಳ್ತಾನೆ. ನನ್ನ ಗೋಡೆ ತೆಳ್ಳಗಿದೆ."

ಮರ್ವಿನ್ನನ ಕಿವಿ ಕೆಂಪಾಯಿತು. ರೋನಾ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಲೇ, "ಯೀಸ್ಟಿಗೆ ಹೇಳಿದ್ದು ನನಗೂ ಹೇಳ್ಬಹುದಿತ್ತು," ಎಂದಳು. ಆದರೆ ಆ ದಿನ ಅವನ ಟೋಸ್ಟಿಗೆ ಎರಡು ಪಾಲು ಬೆಣ್ಣೆ ಬಿತ್ತು.

"ನನ್ನ ಬಗ್ಗೆ ಹೇಳಿದ್ದನ್ನ ನಾನು ಹೇಳಲ್ಲ," ಎಂದರು ಆಲ್ಮಾ. "ಅದೂ ಕೇಳಿಸುತ್ತೆ."

ವಸಂತ ಬಂತು. ದಾರಿಯುದ್ದಕ್ಕೂ ವಾಟಲ್ ಮರಗಳು ಹಳದಿ ಹೂ ಚೆಲ್ಲಿಕೊಂಡವು. ರೋನಾ ಕೋಟನ್ನು ಮತ್ತೆ ಮತ್ತೆ ತೊಳೆದು ಬಣ್ಣ ಬಿಡಿಸಿದ್ದಳು. ಘಮ ಮಾತ್ರ ಬಿಟ್ಟಿರಲಿಲ್ಲ. ನದಿಯ ಪಕ್ಕದ ಸಭಾಭವನದ ಮೆಟ್ಟಿಲ ಮೇಲೆ ಮರ್ವಿನ್ ಅತ್ತೆಯ ಕೈ ಹಿಡಿದು ಹತ್ತಿಸುವಾಗ ಒಂದೆರಡು ಜೇನುಹುಳ ವಧುವಿನ ಹೆ‌ಗಲ ಸುತ್ತ ಪ್ರದಕ್ಷಿಣೆ ಹಾಕಿದವು. "ನಮ್ಮ ಕಡೆಯೋರು, ಬಿಡು," ಎಂದರು ಹೊರೇಸ್, ಕಣ್ಣು ಒರೆಸಿಕೊಳ್ಳುತ್ತ.

ಮಧುವನ್ನು ಗ್ಲಾಸಿಗೆ ಬಗ್ಗಿಸಿದಾಗ ಭವನದಲ್ಲಿ ಒಂದು "ಓಹ್" ಹೊರಟಿತು. ತಿಳಿಯಾಗಿ, ಹೊಳೆಯುವ ಬಂಗಾರ. (ಅಷ್ಟು ಬಂಗಾರ ಹೇಗೆ ಬಂತು ಎಂದು ಕೇಳಿದವರಿಗೆ ರೋನಾ, "ಮನೆತನದ ಗುಟ್ಟು," ಎಂದಳು.) ಹೊರೇಸ್ ಒಂದು ಗುಟುಕು ಕುಡಿದು ಗ್ಲಾಸನ್ನು ಬೆಳಕಿಗೆ ಎತ್ತಿ ಹಿಡಿದರು. ಆಮೇಲೆ, "ಮಾರಾಯ, ಅಷ್ಟೂ ವರ್ಷ ನನ್ನ ಹುಳಗಳು ಹಾರಿದ ಕಾಡು ಇದರೊಳಗಿದೆ," ಎಂದರು. ಮರ್ವಿನ್ ತನ್ನ ಗ್ಲಾಸು ತುಂಬಿಸಿಕೊಂಡ. ಒಂದೇ ಏಟಿಗೆ ಕುಡಿದು ಮುಗಿಸಿದ.

"ಸಣ್ಣ ಗ್ಲಾಸಲ್ಲಿ ಕುಡಿ ಮರ್ವ್," ಎಂದು ರೋನಾ ಕಿವಿಯಲ್ಲಿ ಉಸುರಿದಳು. "ಮೂರು ಬಕೆಟ್ ಸಕ್ಕರೆ, ಹೊಟ್ಟೆ ತುಂಬಿದ ಯೀಸ್ಟು. ಒಂದು ಹನೀನೂ ಬಿಡದೆ ಮದ್ಯ ಮಾಡಿವೆ ಅವು. ಇದು ನಿನ್ನ ಸೈಡರಲ್ಲ."

ಆದರೆ ಬಂದವರೆಲ್ಲ ಬೆನ್ನು ತಟ್ಟುತ್ತಿದ್ದರು. ತಟ್ಟಿದ ಪ್ರತಿ ಕೈಗೂ ಒಂದು ಗ್ಲಾಸು ಎತ್ತುವುದು ಸಭ್ಯತೆ. ಮರ್ವಿನ್ ಬಹಳ ಸಭ್ಯನಾದ. ಅಲ್ಲಿಂದ ಮುಂದಿನದು ಅವನಿಗೆ ಅಷ್ಟು ಸ್ಪಷ್ಟವಿಲ್ಲ. ಯಾವುದೋ ಕುರ್ಚಿ, ಬಹಳ ಚಪ್ಪಾಳೆ, ಯಾರೋ ಅತ್ತದ್ದು.

ಮರುದಿನ ಎದ್ದಾಗ ಅವನ ತಲೆಯೊಳಗೆ ಅವನದೇ ಹಳೆಯ ಬಸ್ಸು ಒಂದನೇ ಗೇರಿನಲ್ಲಿ ಗುಡ್ಡ ಹತ್ತುತ್ತಿತ್ತು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದ. ಮೇಜಿನ ತುದಿಯ ಕುರ್ಚಿಯಲ್ಲಿ (ಅವನದೇ ಕುರ್ಚಿ) ಪಟ್ಟೆಪಟ್ಟೆ ಪೈಜಾಮ ತೊಟ್ಟ ಹೊರೇಸ್ ಕೂತು ಮೊಟ್ಟೆ ತಿನ್ನುತ್ತಿದ್ದರು. ಪಕ್ಕದಲ್ಲಿ ನವವಧು.

"ಬಾ ಮರ್ವಿನ್, ಕೂತ್ಕೋ ಕಂದಾ," ಎಂದರು ಆಲ್ಮಾ.

ಕಂದಾ! ಅವನಿಗೆ ಭಯವಾಯಿತು. "ಇದೇನು, ಬೆಳಿಗ್ಗೆ ಬೆಳಿಗ್ಗೆ... ನೀವು ಹೊರೇಸ್ ಮನೇಲಿ..."

ರೋನಾ ಅವನ ಭುಜದ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿತ್ತು. "ನೆನಪಿಲ್ವಾ? ನಿನ್ನೆ ಕುರ್ಚಿ ಮೇಲೆ ಹತ್ತಿ ನಿಂತು ಭಾಷಣ ಮಾಡಿದ್ಯಲ್ಲ. 'ಕಣ್ಣಿಗೆ ಕಾಣದ ಜೀವಕ್ಕೇ ಬೆಚ್ಚನೆ ಜಾಗ, ಹೊತ್ತಿಗೆ ಊಟ ಕೊಟ್ಟ ಮನೆ ನಮ್ಮದು. ಹೆತ್ತವಳಿಗೆ ಕೊಡಲ್ವಾ? ಹೊರೇಸ್ ಮನೆ ಚಳಿಗಾಲದಲ್ಲಿ ಐಸ್ ಪೆಟ್ಟಿಗೆ. ಇಬ್ಬರೂ ನಮ್ಮ ಜೊತೇಲೇ ಇರ್ಬೇಕು' ಅಂದೆ. ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ಹೊಡೀತು ಮರ್ವ್."

"ನಾನು ಬೇಡ ಅಂದೆ," ಎಂದರು ಆಲ್ಮಾ. "ಎಷ್ಟು ಸಲ ಬೇಡ ಅಂದೆ! ನೀನು ನನ್ನ ಮುಂದೆ ಮೊಣಕಾಲೂರಿದೆ. ಹೊರೇಸ್ ನನ್ನ ಮದುವೆಗೆ ಕೇಳಿದಾಗಲೂ ಮೊಣಕಾಲೂರಿರಲಿಲ್ಲ."

"ಮಂಡಿನೋವು," ಎಂದರು ಹೊರೇಸ್.

ರೋನಾ ಬಾಗಿ ಗಂಡನ ಹಣೆಗೆ ಮುತ್ತಿಟ್ಟಳು. "ನಿನ್ನ ಮನಸ್ಸು ಇಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ."

ಮರ್ವಿನ್ ಮೂರು ಮುಖಗಳನ್ನೂ ನೋಡಿದ. ಮೂರರಲ್ಲೂ ಮೆಚ್ಚುಗೆ ತುಂಬಿ ತುಳುಕುತ್ತಿತ್ತು. ಹುಟ್ಟಿದಾರಭ್ಯ ಅವನನ್ನು ಯಾರೂ, ಅವನ ತಾಯಿ ಕೂಡ, ಹಾಗೆ ನೋಡಿರಲಿಲ್ಲ. ಆಡಿದ್ದು ತಾನಲ್ಲ, ಯೀಸ್ಟು ಎಂದು ಹೇಳಲು ಬಾಯಿ ತೆರೆದ. ಮುಚ್ಚಿದ. ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತ.

"ಪೆಟ್ಟಿಗೆಗಳು ಗುರುವಾರ ಬರ್ತವೆ ಮಾರಾಯ," ಎಂದರು ಹೊರೇಸ್.

"ಬಟ್ಟೆ ಪೆಟ್ಟಿಗೆಯಾ?"

"ಜೇನುಪೆಟ್ಟಿಗೆ. ಹಿತ್ತಲಲ್ಲಿ ಇಡು ಅಂತ ನೀನೇ ಅಂದ್ಯಲ್ಲ. ಎಷ್ಟಿವೆ ಅಂತಾನೂ ಕೇಳ್ಲಿಲ್ಲ ನೀನು. ಆಗಲೇ ಅಂದ್ಕೊಂಡೆ, ಇಂಥ ಗಂಡಸು ಸಿಗೋದು ಅಪರೂಪ ಅಂತ."

"ಎಷ್ಟಿವೆ?" ಎಂದು ಕೇಳಿದ ಮರ್ವಿನ್, ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಹೊರೇಸ್ ಮೊಟ್ಟೆಯ ಚಮಚವನ್ನು ಕೆಳಗಿಟ್ಟು, ಬೆರಳು ಮಡಚುತ್ತ ಎಣಿಸತೊಡಗಿದರು. ಎರಡೂ ಕೈಯ ಬೆರಳು ಮುಗಿದ ಮೇಲೆ ಆಲ್ಮಾರ ಕೈಯನ್ನು ತೆಗೆದುಕೊಂಡರು.